ಮಾವನ ಬಿದಿರುಪಟ್ಟಿ ಮತ್ತು ನನ್ನ ಮೊಣಕಾಲು

ನನ್ನ ಸೋದರಮಾವ ಜನರನ್ನು ಮುಖ ನೋಡಿ ಗುರುತಿಸುತ್ತಿರಲಿಲ್ಲ, ಮೊಣಕಾಲು ನೋಡಿ ಗುರುತಿಸುತ್ತಿದ್ದ! ನಿಜಾಮರ ಕಾಲ, ಬೀದರಿನ ಸರಕಾರಿ ಲಾಯದಲ್ಲಿ ಅವನು ಕುದುರೆ ವೈದ್ಯ. ಎರಡು ಬಿದಿರುಪಟ್ಟಿಗಳನ್ನು ಮೊಳೆ ಹೊಡೆದು ಕತ್ತರಿಯಂತೆ ಜೋಡಿಸಿಕೊಂಡಿದ್ದ. ಕುದುರೆಯ ಕಾಲು ಮಡಚಿ, ಪಟ್ಟಿ ಹಿಡಿದು, ಎರಡು ತುದಿಗಳ ನಡುವೆ ಎಷ್ಟು ಬೆರಳು ಅಂತರ ಉಳಿಯಿತೆಂದು ಅಳೆಯುತ್ತಿದ್ದ. ಬೆರಳು ಕಡಿಮೆಯಾದಷ್ಟೂ ಕೀಲು ಸಲೀಸು.

ಮಾವ ಒಂದು ಕಾಲು ಸೆಟೆಸಿ ಸಿಪಾಯಿಯ ಹಾಗೆ ನಡೆಯುತ್ತಿದ್ದ. ಉಣ್ಣುವುದೂ ನಿಂತೇ, ಗೋಡೆಗೊರಗಿ! ಕುದುರೆಗಳ ಸಹವಾಸ ಇನ್ನೇನು ಕಲಿಸೀತು ಎಂದು ನಾವು ಮಕ್ಕಳು ನಗುತ್ತಿದ್ದೆವು.

ಅಕ್ಕನಿಗೆ ಗಂಡು ನೋಡಲು ಮೆಹಕರಕ್ಕೆ ಹೋದಾಗ ಹಿರಿಯರು ಹೊಲದ ಮಾತೆತ್ತಿದರೆ, ಮಾವ ಪಟ್ಟಿ ತೆಗೆದ!

“ಒಂದೀಟು ಮೊಣಕಾಲು ಮಡಚ್ರಿ.”

ಹುಡುಗ ಬೆವೆತುಹೋದ. “ಹಲ್ಲೂ ನೋಡ್ತೀರೇನ್ರಿ?”

“ನೀವು ನಕ್ಕಾಗೇ ನೋಡೀನ್ರಿ!”

ಮದುವೆಯೇನೋ ಆಯಿತು. ಆದರೆ ಭಾವ ಮಾವನೆದುರು ಕಾಲು ಚಾಚಿ ಕೂತದ್ದೇ ಇಲ್ಲ.

ಆಮೇಲೆ ನನ್ನ ಸರದಿ. ಠಾಣಾ ಕುಶನೂರ ದಾರಿಯಲ್ಲಿ ಟಾಂಗಾದಿಂದ ಬಿದ್ದು ಮೊಣಕಾಲು ಮುರಿದುಕೊಂಡೆ. ಕಟ್ಟು ಬಿಚ್ಚಿದರೆ ಕಾಲು ಕೋಲಿನಂತೆ ನೆಟ್ಟಗೆ! ನೆಲದ ಮೇಲೆ ಕೂತು ಉಣ್ಣಲಾಗದು, ಜೋಳ ಬೀಸಲಾಗದು. ನಾನು ಜನ್ಮವಿಡೀ ಹೀಗೇ ಉಳಿಯುತ್ತೇನೆಂದು ಅವ್ವ ಅತ್ತಳು.

ಪ್ರತಿ ಶುಕ್ರವಾರದ ರಜೆಗೆ ಮಾವ ಭಾಲ್ಕಿಯ ನಮ್ಮ ಮನೆಗೆ ಬರತೊಡಗಿದ. ವಾರವಿಡೀ ಮಡಚಿಸುವುದು ಅವ್ವನ ಕೆಲಸ. ಶುಕ್ರವಾರದ ಅಳತೆ ಅವನದು. “ಹೋ... ಹೋ... ಸಾವಕಾಶ!” ಎಂದು ಮಡಚುತ್ತಿದ್ದ, ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

“ಅಣ್ಣಾ, ಅಕಿ ಹುಡುಗಿ ಅದಾಳ, ಕುದರಿ ಅಲ್ಲ!” ಎಂದಳು ಅವ್ವ.

“ಗೊತ್ತದ ತಂಗಿ. ಕುದರಿ ಇಷ್ಟು ಬೈಯೂದಿಲ್ಲ.”

ಅಳತೆ ಮುಗಿದ ಮೇಲೆ ಅಂಗೈಯಲ್ಲಿ ಬೆಲ್ಲ ಹಿಡಿಯುತ್ತಿದ್ದ. ಥೇಟ್ ಲಾಯದ ಪದ್ಧತಿ! ವಾರಕ್ಕೆ ಒಂದೊಂದೇ ಬೆರಳು ಇಳಿಯುತ್ತ ಬಂತು. ಕೊನೆಗೊಂದು ಶುಕ್ರವಾರ ನಾನು ಚಕ್ಕಳಮಕ್ಕಳ ಹಾಕಿ ತಟ್ಟೆಯ ಮುಂದೆ ಕೂತೆ!

“ನೀನೂ ಕುಂಡ್ರು ಮಾಮಾ” ಎಂದೆ.

ಮಾವ ನಗುತ್ತ ತನ್ನ ಸೆಟೆದ ಕಾಲು ಮುಂದೆ ಚಾಚಿದ. ನಾನೇ ಪಟ್ಟಿ ಹಿಡಿದೆ. ಕಾಲು ಒಂದು ಬೆರಳಷ್ಟೂ ಮಡಚಲಾಗಲಿಲ್ಲ.

“ಸಣ್ಣವ ಇದ್ದಾಗ ಕುದರಿ ಒದ್ದಿತ್ತು. ಕಟ್ಟು ಬಿಚ್ಚಿದ ಮ್ಯಾಲ ದಿನಾ ಮಡಚಬೇಕಂತ ಆಗ ಯಾರಿಗೂ ಗೊತ್ತಿರಲಿಲ್ಲ, ಮಗಳ.”

ಇಷ್ಟು ವರ್ಷ ನಾವು ನಕ್ಕದ್ದು ಇದಕ್ಕೇ! ನಾಚಿಕೆಯಾಯಿತು. ಅವನ ಜೊತೆ ನಿಂತೇ ಉಣ್ಣೋಣವೆಂದು ತಟ್ಟೆ ಎತ್ತಿಕೊಂಡೆ.

“ಏಳಬ್ಯಾಡ! ನಾ ಅಷ್ಟು ಬೈಸಿಕೊಂಡದ್ದು ನೀ ನಿಂತು ಉಣ್ಣಲಿ ಅಂತೇನು?” ಎಂದು ಗದರಿದ.

ಕೂತೆ. ಇವತ್ತಿಗೂ ಕೂತೇ ಉಣ್ಣುತ್ತೇನೆ. ಕಾಲು ಮಡಚುವಾಗಲೆಲ್ಲ ಮೊದಲು ಅವನಿಗೊಂದು ನಮಸ್ಕಾರ, ಆಮೇಲೆ ತುತ್ತು.