ಬೀಗ ಹಾಕಿದ ಮಾತಿನ ಡಬ್ಬಿ

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುವವಳು. ಯಾರ ತಂಟೆಗೂ ಹೋಗುವವಳಲ್ಲ. ಆದರೂ ತಂಟೆಗಳೇ ವಿಳಾಸ ಕೇಳಿಕೊಂಡು ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬರುತ್ತವೆ. ಈ ಸಲ ಅದಕ್ಕೆ ಕಾರಣ ಒಂದು ಡಬ್ಬಿ.

ಎಷ್ಟು ಮಂದಿ ಬಂದ್ರು?

ಕೆಲವು ದೇಶಗಳಲ್ಲಿ ಮೆಸೇಜಿಗೆ ಬೀಗ ಹಾಕಿ ಕಳಿಸುವ ಆಪ್‌ಗಳನ್ನು ಸರ್ಕಾರವೇ ಬಂದ್ ಮಾಡಿಬಿಡುತ್ತದೆ. ಆಗ ಬೇರೆ ದೇಶದ ಯಾರಾದರೂ ತಮ್ಮ ಕಂಪ್ಯೂಟರನ್ನು ದಾರಿಯಾಗಿ ಬಿಟ್ಟುಕೊಟ್ಟರೆ, ಅಲ್ಲಿನವರ ಮೆಸೇಜು ಅದರೊಳಗಿಂದ ಹಾದು ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ಇದಕ್ಕೆ ಪ್ರಾಕ್ಸಿ ಸರ್ವರ್ ಅನ್ನುತ್ತಾರೆ. ಇದರ ಬಗ್ಗೆ ಓದಿದ ಮೇಲೆ ಕುತೂಹಲ ತಡೆಯಲಾಗಲಿಲ್ಲ. ಹಳೇ ಕಂಪ್ಯೂಟರ್ ಡಬ್ಬಿಯೊಂದನ್ನು ಪಡಸಾಲೆಯಲ್ಲಿಟ್ಟು ಶುರು ಮಾಡಿಯೇ ಬಿಟ್ಟೆ. ಎಷ್ಟು ಜನ ಹಾದು ಹೋದರು ಎಂಬುದಷ್ಟೇ ನನಗೆ ಕಾಣುತ್ತದೆ. ಏನು ಮಾತಾಡಿದರು ಎಂಬುದು ಕಾಣುವುದಿಲ್ಲ.

ಮೇಲಿನ ಮನೆಯಲ್ಲಿರುವ ಮಾಲಕರು ನಿವೃತ್ತ ಹೆಡ್‌ಮಾಸ್ತರು. ಡಬ್ಬಿಯನ್ನು ನೋಡಿದವರೇ, ‘ಟೀಚರ್, ಒಂದು ತಿಂಗಳು ನೋಡತೀನಿ. ಇದರಿಂದ ಏನರ ತಕರಾರ್ ಬಂತಂದ್ರ ಡಬ್ಬಿನೂ ಹೊರಗ, ನೀವೂ ಹೊರಗ’ ಅಂದರು. ಕಾಲೇಜಿಗೆ ಇಷ್ಟು ಹತ್ತಿರ, ನೀರಿಗೂ ತೊಂದರೆಯಿಲ್ಲದ ಮನೆ ಮತ್ತೆಲ್ಲಿ ಸಿಗಬೇಕು?

ಅತ್ತೆಗೆ ಮನೆಯ ಚಿಂತೆಗಿಂತ ಬಂದುಹೋಗುವವರ ಚಿಂತೆ.

‘ಇವತ್ತು ಎಷ್ಟು ಮಂದಿ ಬಂದಾರ?’

‘ನಲವತ್ತು ಮಂದಿ, ಅತ್ತೀ.’

‘ಏನ್ ಮಾತಾಡಿದ್ರು?’

‘ಗೊತ್ತಾಗಂಗಿಲ್ರಿ. ಬೀಗ ಹಾಕಿರತದ.’

‘ನಮ್ಮ ಪಡಸಾಲ್ಯಾಗ ಹಾದು ಹೋಗ್ತಾರ, ನಮಗ ಒಂದ್ ಮಾತೂ ಹೇಳಂಗಿಲ್ಲ. ಎಂಥಾ ಮಂದ್ಯವ್ವಾ!’

ಬೈದರೂ ಕರುಳು ಒಳ್ಳೆಯದು. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಡಬ್ಬಿಯ ಮುಂದೆ ನಿಂತು ಹೇಳುತ್ತಿದ್ದರು: ‘ಗಡಿಬಿಡಿ ಮಾಡಬ್ಯಾಡ್ರಿ. ಕರೆಂಟ್ ಈಗ ಬರತದ, ಕುಂದರ್ರಿ.’

ಮಾನ್ವಿಯವರು

ಎದುರುಮನೆಯ ಹುಡುಗಿಯನ್ನು ನೋಡಲು ಮಾನ್ವಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅಲ್ಲಿ ಉಪ್ಪಿಟ್ಟು ತಿಂದವರು ಓಣಿಯಲ್ಲಿ ಡಬ್ಬಿಯ ಸುದ್ದಿ ಕೇಳಿ ನೇರ ನಮ್ಮ ಮನೆಗೇ ಬಂದರು. ಗಂಡಿನ ತಂದೆ ದನಿ ತಗ್ಗಿಸಿ, ‘ಮೇಡಂ, ಮೆಸೇಜೆಲ್ಲಾ ನಿಮ್ಮ ಮನಿ ಹಾದೇ ಹೋಗ್ತಾವಂತಲ್ರಿ. ಹುಡುಗಿ ಫೋನಿನ್ಯಾಗ ಯಾರ ಸಂಗಾಟ ಮಾತಾಡತಾಳ, ಅಷ್ಟ ಹೇಳ್ರಿ’ ಎಂದರು.

ಓಣಿಯವರ ಮೆಸೇಜು ನನ್ನ ಡಬ್ಬಿಗೆ ಬರುವುದೇ ಇಲ್ಲ, ಹೊರದೇಶದವರದ್ದು ಬಂದರೂ ನನಗೆ ಓದಲಾಗುವುದಿಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ಹೋಗುವಾಗ ಅವರು ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು: ‘ಹೆಣ್ಣಮಗಳು ಗಟ್ಟಿ ಅದಾಳ. ಬಾಯಿ ಬಿಡವಲ್ಲಳು.’

ಮರುದಿನ ಹುಡುಗಿಯ ತಾಯಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದರು.

‘ಎಷ್ಟು ಕೇಳಿದ್ರೂ ನೀವು ಬಾಯಿ ಬಿಡಲಿಲ್ಲಂತ. ದೊಡ್ಡ ಉಪಕಾರ ಆತ್ರಿ.’

‘ಅಕ್ಕಾರ, ನನಗ ಖರೇನ ಏನೂ ಗೊತ್ತಿಲ್ಲ.’

‘ಹೌದ್ರಿ, ಹಿಂಗ ಹೇಳಬೇಕು!’ ಎಂದು ಮೆಚ್ಚಿ, ಬಾಗಿಲು ಅರೆ ಮುಚ್ಚಿ ಪಿಸುಗುಟ್ಟಿದರು: ‘ಅಕಿ ಎರಡು ವರ್ಷದಿಂದ ಮಾತಾಡಾಕತ್ತಿದ್ದು ಆ ಮಾನ್ವಿಯವರ ಮಗನ ಸಂಗಾಟನೇ ರೀ!’

ಶನಿವಾರದ ಉಪಾಸ

ಅಲ್ಲಿಂದ ಶುರು. ಡಬ್ಬಿಗೆ ಇರುವಂಥ ಬೀಗ ನನ್ನ ಬಾಯಿಗೂ ಇದೆಯೆಂದು ಓಣಿಯೆಲ್ಲ ಸುದ್ದಿಯಾಯಿತು. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳಲಾಗದವರೆಲ್ಲ ನಮ್ಮ ಪಡಸಾಲೆಗೆ ಬಂದು ಇಳಿಸಿ ಹೋಗತೊಡಗಿದರು. ಒಂದು ಶನಿವಾರ ಮಾಲಕರ ಹೆಂಡತಿಯೇ ಬಂದು ಕೂತರು.

‘ಡಾಕ್ಟರು ನಮ್ಮನಿಯವರಿಗೆ ಕರಿದದ್ದು ಬಂದ್ ಮಾಡ್ಯಾರ. ನಾನೂ ಬಿಟ್ಟೀನಂತ ಅವರಿಗೆ ಹೇಳೀನಿ. ಆದ್ರ ಟೀಚರ್, ಶನಿವಾರ ಅವರು ದೇವದುರ್ಗದ ಬಸ್ ಹತ್ತಿದ ಕೂಡ್ಲೇ ನಾನು ಓಣಿ ತುದೀಗೆ ಹೋಗಿ ನಾಕು ಮಿರ್ಚಿ ಭಜಿ ತಿಂದು ಬರತೀನ್ರಿ. ಅವರು ಪಾಪ, ಅಲ್ಲಿ ಹನುಮಪ್ಪನ ಗುಡ್ಯಾಗ ಉಪಾಸ ಕುಂತಿರತಾರ.’

ಕಣ್ಣಲ್ಲಿ ನೀರಿತ್ತು. ಪಶ್ಚಾತ್ತಾಪಕ್ಕೋ ಮಿರ್ಚಿಯ ಖಾರಕ್ಕೋ ನಾನು ಕೇಳಲಿಲ್ಲ.

ತಿಂಗಳು ತುಂಬಿತು

ತಿಂಗಳು ತುಂಬಿದ ದಿನ ಮಾಲಕರು ಮೆಟ್ಟಿಲಿಳಿದು ಬಂದರು. ಮನೆ ಖಾಲಿ ಮಾಡಿ ಅನ್ನುವುದಕ್ಕೇ ಬಂದರೆಂದುಕೊಂಡೆ. ಅವರು ಅತ್ತಿತ್ತ ನೋಡಿ ಡಬ್ಬಿಯ ಪಕ್ಕದಲ್ಲೇ ಕೂತರು.

‘ಡಬ್ಬಿ ಇರಲಿ, ನೀವೂ ಇರ್ರಿ. ನಿಮ್ಮ ಮುಂದ ಹೇಳಿದ ಮಾತು ಹೊರಗ ಹೋಗಂಗಿಲ್ಲಂತಲ್ಲ?’

‘ಹೇಳ್ರಿ ಸರ.’

‘ನಾನು ಶನಿವಾರ ದೇವದುರ್ಗಕ್ಕ ಹೋಗೋದು ಗುಡಿಗಲ್ರಿ. ಅಲ್ಲಿ ಬಸ್ ಸ್ಟ್ಯಾಂಡ್ ಮುಂದ ಮಿರ್ಚಿ ಭಾಳ ಛಲೋ ಮಾಡತಾರ. ಇಲ್ಲಿ ತಿಂದ್ರ ಅಕಿಗೆ ಗೊತ್ತಾಗತದ. ಅಕಿ ಪಾಪ, ನನ್ನ ಸಲುವಾಗಿ ಮಿರ್ಚಿನೇ ಬಿಟ್ಟಾಳ.’

ನಾನು ತುಟಿ ಕಚ್ಚಿಕೊಂಡು ಗೋಡೆ ನೋಡಿದೆ. ಗಂಡ ಹೆಂಡತಿ ಇಬ್ಬರ ಮಾತೂ ನನ್ನ ಹೊಟ್ಟೆಯಲ್ಲಿ ಅಕ್ಕಪಕ್ಕ ಕೂತಿದ್ದವು. ಒಬ್ಬರದ್ದನ್ನು ಇನ್ನೊಬ್ಬರಿಗೆ ದಾಟಿಸುವ ಹಾಗಿರಲಿಲ್ಲ. ಮಾಲಕರು ಹಗುರಾಗಿ ಮೆಟ್ಟಿಲು ಹತ್ತಿ ಹೋದರು.

ಎರಡೂ ಸಲ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದ್ದ ಅತ್ತೆ, ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಬಂದರು. ನಗು ತಡೆದು ತಡೆದು ಮುಖವೆಲ್ಲ ಕೆಂಪಾಗಿತ್ತು.

‘ಯವ್ವಾ, ನನ್ನ ಕೈಲೆ ಆಗವಲ್ದು,’ ಎಂದು ಡಬ್ಬಿಯತ್ತ ಕೈ ಮಾಡಿದರು. ‘ಆ ಹೊರದೇಶದ ಮಂದೀನೇ ಛಲೋ ನೋಡು. ಒಂದ್ ಮಾತೂ ಹೇಳದ ಹಾದು ಹೋಗ್ತಾರ!’