ಎಲ್ಲಿಗೂ ಅಲ್ಲದ ನಡಿಗೆ

ಪುತ್ತೂರಿನ ಆ ಹೊಸ ಡಾಕ್ಟರ ಮೇಲೆ ತ್ಯಾಂಪಣ್ಣ ರೈಗಳಿಗೆ ಬಂದ ಸಿಟ್ಟು, ಕುಂಬ್ರದಲ್ಲಿ ಬಸ್ಸಿಳಿದ ಮೇಲೂ ಇಳಿಯಲಿಲ್ಲ. ಹೆಂಡತಿ ಪಂಕಜಾಕ್ಷಿಗೆ ಮೂರು ವರ್ಷದಿಂದ ಮೈಯಿಡೀ ನೋವು. ಬೆಳಗ್ಗೆ ಎದ್ದರೆ ಕುತ್ತಿಗೆ, ಮಧ್ಯಾಹ್ನಕ್ಕೆ ಸೊಂಟ, ಸಂಜೆಗೆ ಮೊಣಕಾಲು. ಮಲಗುವ ಹೊತ್ತಿಗೆ ಇವೆಲ್ಲ ಒಟ್ಟಾಗಿ ಮಹಾಸಭೆ ಸೇರುತ್ತಿದ್ದವು. ಡಾಕ್ಟರು ಕುತ್ತಿಗೆಯ ಬುಡ, ಭುಜ, ಮೊಣಕೈ ಎಂದು ಅಲ್ಲಲ್ಲಿ ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲೆಲ್ಲ ಅವಳು ಚೀರಿದಳು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲುಬೆಲ್ಲ ಸರಿ ಉಂಟು, ಇದಕ್ಕೆ ಫೈಬ್ರೊಸೈಟಿಸ್ ಅನ್ನುತ್ತಾರೆ, ನೋವು ನಿಜ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ರೈಗಳು ಕ್ಷಮಿಸುತ್ತಿದ್ದರೋ ಏನೋ. ಇಂಜೆಕ್ಷನ್ ಇಲ್ಲ, ಬಾಟ್ಲಿಯಲ್ಲಿ ಕೆಂಪು ನೀರೂ ಇಲ್ಲ; ದಿನಾ ಬೆಳಗ್ಗೆ ನಡೆಯಬೇಕಂತೆ. ಮೊದಲ ವಾರ ಹತ್ತು ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚು. ಬರಿಗೈಯಲ್ಲಿ, ಕೈ ಬೀಸಿಕೊಂಡು. ನೋವಾಯಿತೆಂದು ಬಿಟ್ಟು ಮಲಗಬಾರದಂತೆ.

"ಎಲ್ಲಿಗೆ ನಡೆಯುದು?" ಎಂದು ರೈಗಳು ಕೇಳಿದ್ದರು.

"ಎಲ್ಲಿಗೂ ಅಲ್ಲ. ಹೋಗುದು, ವಾಪಸ್ ಬರುದು," ಎಂದಿದ್ದರು ಡಾಕ್ಟರು.

ಇದು ಎಪ್ಪತ್ತೆಂಟನೇ ಇಸವಿಯ ಮಾತು. ಆಗ ಕುಂಬ್ರದಲ್ಲಿ ಸುಮ್ಮನೆ ನಡೆಯುವವರು ಯಾರೂ ಇರಲಿಲ್ಲ. ನಡೆದರೆ ಕೈಯಲ್ಲೊಂದು ಕತ್ತಿಯೋ ತಲೆಯ ಮೇಲೊಂದು ಹುಲ್ಲಿನ ಕಟ್ಟವೋ ಇರಬೇಕು. ಏನೂ ಇಲ್ಲದವನು ಖಾಲಿ ಚೀಲವನ್ನಾದರೂ ಹಿಡಿದಿರಬೇಕು. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟು ನಾಲ್ಕು ಜನರಿಂದ ಗೌರವ ಪಡೆಯುವ ರೈಗಳ ಧರ್ಮಪತ್ನಿ ಕೈ ಬೀಸಿಕೊಂಡು ಹೋದರೆ ಜನ ಏನೆಂದಾರು? ಅವರು ಆಲೋಚಿಸಿ, ಒಂದು ಸೀಮೆಎಣ್ಣೆ ಕ್ಯಾನು ಹಿಡಿದುಕೊಂಡು ಹೋಗು ಎಂದು ಸಲಹೆ ಕೊಟ್ಟರು. (ಮಾನ ಉಳಿಸಲು ಖಾಲಿ ಕ್ಯಾನಿಗಿಂತ ದೊಡ್ಡ ಸಾಧನ ಅವರಿಗೆ ಹೊಳೆಯಲಿಲ್ಲ.) ಪಂಕಜಾಕ್ಷಿ ಎರಡು ದಿನ ಕ್ಯಾನು ಹೊತ್ತಳು. ಮೂರನೆಯ ದಿನ ಭುಜ ಹಿಡಿಯಿತು. ನಾಲ್ಕನೆಯ ದಿನ ಕ್ಯಾನನ್ನು ಬೇಲಿಯ ಗೂಟಕ್ಕೆ ನೇತುಹಾಕಿ, ಯಾರೂ ಕಾಣದ ಹಾಗೆ ಕೋಳಿ ಕೂಗುವ ಹೊತ್ತಿಗೇ ಗೇರುಗುಡ್ಡೆಯ ದಾರಿ ಹಿಡಿದಳು.

ತಿಂಗಳು ಕಳೆಯುವಾಗ ಅವಳು ತನ್ನ ತಲೆಯನ್ನು ತಾನೇ ಬಾಚಿಕೊಳ್ಳತೊಡಗಿದಳು. ಮತ್ತೆ ಹತ್ತು ದಿನಕ್ಕೆ ಮಸಾಲೆ ಕಡೆಯುವ ಕಲ್ಲಿನ ಮುಂದೆ ಕೂತಳು. ರೈಗಳು ಇದನ್ನು ಕಂಡರೂ ಕಾಣದವರ ಹಾಗೆ ಇದ್ದರು.

ಹೀಗಿರುವಾಗ ಒಂದು ದಿನ ಸೈಕಲ್ಲಿನಲ್ಲಿ ಮೀನು ಮಾರುವ ಮೂಸಕುಂಞಿ ಅಂಗಡಿಯ ಎದುರು ಕಾಲೂರಿ ನಿಂತ. ಬೆಳಗಿನ ಹೊತ್ತು ಗುಡ್ಡೆಯಲ್ಲಿ ಅಕ್ಕನನ್ನು ಕಾಣುತ್ತೇನೆ, ಎಲ್ಲಿಗೆ ಎಂದು ಕೇಳಿದರೆ ಎಲ್ಲಿಗೂ ಇಲ್ಲ ಅನ್ನುತ್ತಾರೆ ಎಂದು ಶುರುಮಾಡಿದ. ರೈಗಳು ಡಾಕ್ಟರಿಗೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನು ಸ್ವರ ತಗ್ಗಿಸಿದ.

"ಅಲ್ಲ ರೈಗಳೇ, ಅವರ ಒಟ್ಟಿಗೆ ಬರುವ ಆ ಪ್ರಾಯ ಆದ ಹೆಂಗಸು ಯಾರು?"

"ಯಾರೂ ಇಲ್ಲ ಮಾರಾಯ. ಅವಳು ಒಬ್ಬಳೇ ಹೋಗುದು."

"ಉಂಟು. ನಾಲ್ಕು ಮಾರು ಹಿಂದೆ ಬರ್ತಾರೆ. ಎಡಕ್ಕೆ ವಾಲಿಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು. ನಿನ್ನೆ ಬೆಲ್ಲು ಹೊಡೆದೆ, ದಾರಿ ಬಿಡಲಿಲ್ಲ."

ರೈಗಳು ಕೈಯಲ್ಲಿದ್ದ ಗಜಕೋಲನ್ನು ಕೆಳಗಿಟ್ಟರು. ಎಡಕ್ಕೆ ವಾಲಿ, ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತಿದ್ದವರು ಅವರ ದೊಡ್ಡಮ್ಮ ಶೀಲಾವತಿ. ಆಕೆ ತೀರಿಹೋಗಿ ನಾಲ್ಕು ವರ್ಷ. ಮೂಸಕುಂಞಿ ಈ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಎಳೆಯದರಲ್ಲೇ ಗಂಡನನ್ನು ಕಳೆದುಕೊಂಡು ತಂಗಿಯ ಮನೆ ಸೇರಿದ್ದ ದೊಡ್ಡಮ್ಮ, ಬದುಕಿದ್ದಷ್ಟು ಕಾಲವೂ ಮೈಕೈ ನೋವು ಎಂದೇ ಹೇಳಿದರು. ಒಬ್ಬರೂ ನಂಬಲಿಲ್ಲ. ಅಂಗಳ ಗುಡಿಸುವ ಹೊತ್ತಿಗೆ ಸರಿಯಾಗಿ ದೊಡ್ಡಮ್ಮನ ನೋವು ಬರುತ್ತದೆ ಎಂದು ಎಲ್ಲರನ್ನೂ ನಗಿಸುತ್ತಿದ್ದವರು ತ್ಯಾಂಪಣ್ಣ ರೈಗಳೇ. ಆಗ ಆ ಮಾತು ಬಹಳ ಚಂದದ್ದೆಂದು ಅವರಿಗೆ ಅನ್ನಿಸಿತ್ತು.

ಸಂಜೆ ಹೆಂಡತಿಯನ್ನು ವಿಚಾರಿಸಿದರು. ಅವಳು ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಹೌದು, ಹಿಂದಿನಿಂದ ಯಾರೋ ಬರ್ತಾರೆ. ನಾನು ತಿರುಗಿ ನೋಡುದಿಲ್ಲ. ಸ್ವಲ್ಪ ನಿಧಾನ ಮಾಡ್ತೇನೆ," ಅಂದಳು.

"ನಿನಗೆ ಹೆದರಿಕೆ ಆಗುದಿಲ್ವಾ?"

"ಎಂತಕ್ಕೆ? ಅವರಿಗೂ ನೋವು ಉಂಟು. ಉಸಿರು ಬಿಡುದು ಕೇಳಿದ್ರೆ ಗೊತ್ತಾಗ್ತದೆ."

ಮರುದಿನವೇ ರೈಗಳು ಮರ್ಕಂಜದ ಜೋಯಿಸರಾದ ತಿರುಮಲೇಶ್ವರ ಭಟ್ಟರಲ್ಲಿ ಪ್ರಶ್ನೆ ಇಡಿಸಿದರು. ಭಟ್ಟರು ಕವಡೆ ಸರಿಸಿ, ಬರಿಗೈಯಲ್ಲಿ ಎಲ್ಲಿಗೂ ಅಲ್ಲದೆ ನಡೆಯುವುದು ಸತ್ತವರ ಕ್ರಮ, ನಿಮ್ಮ ಹೆಂಡತಿ ತನ್ನ ಜಾತಿಯವಳೇ ಎಂದು ಎಣಿಸಿ ಆ ಪ್ರೇತ ಜೊತೆಗೆ ಹೊರಟಿದೆ ಎಂದರು. ನಲವತ್ತೆಂಟು ದಿನ ಅವಳು ಮೆಟ್ಟಿಲು ಇಳಿಯಬಾರದು. ಬಾಗಿಲಿಗೆ ಮಂತ್ರಿಸಿದ ನೂಲು ಕಟ್ಟಬೇಕು. ಹೆಂಡತಿ ಮೂರು ವರ್ಷ ಹೇಳಿದ, ಕಲಿತ ಡಾಕ್ಟರೂ ನಿಜವೆಂದ ನೋವನ್ನು ನಂಬದಿದ್ದ ರೈಗಳು, ಕವಡೆಯೊಳಗಿನ ದೊಡ್ಡಮ್ಮನನ್ನು ಒಂದೇ ಕ್ಷಣದಲ್ಲಿ ನಂಬಿದರು. ಬಸ್ಸಿನಲ್ಲಿ ನೂಲನ್ನು ಮಡಿಲಲ್ಲಿಟ್ಟುಕೊಂಡು ನೆಮ್ಮದಿಯಿಂದ ತೂಕಡಿಸಿದರು ಕೂಡ.

ಪಂಕಜಾಕ್ಷಿಯ ನಡಿಗೆ ನಿಂತಿತು. ಐದನೆಯ ದಿನಕ್ಕೆ ಕುತ್ತಿಗೆ ಹಿಡಿಯಿತು, ಒಂಬತ್ತನೆಯ ದಿನಕ್ಕೆ ಕೈ ಮೇಲೇಳಲಿಲ್ಲ. ರೈಗಳು ತಾವೇ ಅವಳ ತಲೆ ಬಾಚಲು ಹೋಗಿ, ಸಿಕ್ಕು ಬಿಡಿಸುವ ಬದಲು ಕಟ್ಟಿದರು. ಅವಳು ಅಳುತ್ತಿದ್ದಳು.

"ಸತ್ತವರಿಗೆ ಹೆದರಿ ನನ್ನನ್ನು ಮೂಲೆಗೆ ಕೂರಿಸಿದಿರಿ," ಅಂದಳು. "ನನ್ನ ಕೈ ನಂಗೆ ಸಿಕ್ಕಿತ್ತು. ಈಗ ಹೋಯ್ತು."

ರೈಗಳು ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಬಿಡಿಸತೊಡಗಿದರು. ಒಂದು ಸಂಗತಿಯನ್ನು ಅವರು ಅವಳಿಗೆ ಹೇಳಿರಲಿಲ್ಲ. ನೂಲು ಕಟ್ಟಿದ ಮಾರನೆಯ ಬೆಳಗ್ಗಿನಿಂದ ಅಂಗಳದಲ್ಲಿ ಹೆಜ್ಜೆ ಕೇಳುತ್ತಿತ್ತು. ಒಂದು ಗಟ್ಟಿ, ಒಂದು ಮೆದು, ಕುಂಟಿದ ಹಾಗೆ. ಮೊದಲು ಬೇಲಿಯ ತನಕ, ಮತ್ತೆ ಬಾವಿಯ ತನಕ, ಈಗ ಮೆಟ್ಟಿಲಿನ ತನಕ. ಅಲ್ಲಿ ನಿಂತು ಒಂದು ದೀರ್ಘ ಉಸಿರು. ನಾಯಿ ಬೊಗಳುತ್ತಿರಲಿಲ್ಲ, ಪರಿಚಯದವರು ಬಂದ ಹಾಗೆ ಬಾಲದಿಂದ ನೆಲ ಬಡಿಯುತ್ತಿತ್ತು.

ಹನ್ನೆರಡನೆಯ ಬೆಳಗ್ಗೆ ಬಾಗಿಲಿನ ಆಚೆ ಯಾರೋ ಗಂಟಲು ಸರಿಮಾಡಿಕೊಂಡರು. ರೈಗಳು ಕಂಬಳಿಯೊಳಗೆ ಕಲ್ಲಾದರು.

"ಕಾಯ್ತಾ ಇದ್ದಾರೆ," ಅಂದಳು ಪಂಕಜಾಕ್ಷಿ ಕತ್ತಲಲ್ಲೇ. "ನಾನು ಹೊರಗೆ ಹೋಗದಿದ್ರೆ ಅವರು ಒಳಗೆ ಬರ್ತಾರೆ. ಯಾವುದು ಆಗ್ಬೇಕು, ನೀವೇ ಹೇಳಿ."

ಒಳಗೆ ಬರುವುದು ಬೇಡ ಎಂಬ ಒಂದು ವಿಷಯದಲ್ಲಿ ರೈಗಳಿಗೆ ಸಂಶಯ ಇರಲಿಲ್ಲ. ನೂಲು ಬಿಚ್ಚಿದರು. ಹೆಂಡತಿಯನ್ನು ಒಬ್ಬಳೇ ಕಳಿಸುವುದು ಪುರುಷಲಕ್ಷಣವಲ್ಲವೆಂದು ಟಾರ್ಚ್ ಹಿಡಿದು ತಾವೂ ಹೊರಟರು. ಹಿಂದೆ ನಡೆದರೆ ಯಾರ ಪಕ್ಕ ನಡೆಯಬೇಕಾದೀತು ಎಂಬ ಲೆಕ್ಕ ಹಾಕಿ, ಮುಂದೆ ನಡೆದರು. (ಇದನ್ನು ಅವರು ರಕ್ಷಣೆ ಎಂದು ಕರೆದರು.)

ಗೇರುಮರಗಳ ಕೆಳಗೆ ಇನ್ನೂ ಬೆಳಕು ಹರಿದಿರಲಿಲ್ಲ. ಬೆನ್ನ ಹಿಂದೆ ಪಂಕಜಾಕ್ಷಿಯ ಚಪ್ಪಲಿ ಸದ್ದು. ತಿರುವು ದಾಟಿದ ಮೇಲೆ, ಅದರ ಜೊತೆಗೆ ಬರಿಗಾಲಿನ ಇನ್ನೊಂದು ಸದ್ದು; ಒಂದು ಗಟ್ಟಿ, ಒಂದು ಮೆದು. ಆಮೇಲೆ ಮಾತು ಶುರುವಾಯಿತು. ಶಬ್ದ ಸ್ಪಷ್ಟವಿಲ್ಲ, ಎರಡು ಸ್ವರ ಮಾತ್ರ ಹೌದು. ಒಂದು ಕೇಳುತ್ತಿತ್ತು, ಇನ್ನೊಂದು ಹೇಳುತ್ತಿತ್ತು. ನಡುವೆ ಇಬ್ಬರೂ ನಕ್ಕರು. ರೈಗಳು ಟಾರ್ಚನ್ನು ಎದೆಗೆ ಒತ್ತಿಕೊಂಡರು. ಓಡೋಣವೆಂದರೆ ಮೊಣಕಾಲು ಒಪ್ಪಲಿಲ್ಲ, ತಿರುಗೋಣವೆಂದರೆ ಕುತ್ತಿಗೆ ಒಪ್ಪಲಿಲ್ಲ. ಮನೆಯ ಬೇಲಿ ಕಾಣುವವರೆಗೂ ಅವರು ಉಸಿರನ್ನು ಎಣಿಸಿಕೊಂಡು ನಡೆದರು.

ಬಿಸಿಲು ಬಂದ ಮೇಲೆ ಚಾವಡಿಯಲ್ಲಿ ಕೂತಾಗ ಧೈರ್ಯವೂ ಸ್ವಲ್ಪ ಬಂತು. ಹೆಂಗಸು ಒಬ್ಬಳೇ ಗೊಣಗುತ್ತ ನಡೆದಿರಬೇಕು, ಗುಡ್ಡೆಯಲ್ಲಿ ಪ್ರತಿಧ್ವನಿ ಬಂದಿರಬೇಕು ಎಂದು ತಮ್ಮಷ್ಟಕ್ಕೆ ತೀರ್ಪು ಕೊಟ್ಟುಕೊಂಡರು. ಪಂಕಜಾಕ್ಷಿ ಕಾಫಿ ತಂದಳು. ಮುಖದಲ್ಲಿ ಹನ್ನೆರಡು ದಿನದಿಂದ ಇಲ್ಲದ ಗೆಲುವು ಇತ್ತು.

"ಹನ್ನೊಂದು ವರ್ಷ ಆಗುವವರೆಗೂ ನೀವು ಹಾಸಿಗೆ ಒದ್ದೆ ಮಾಡ್ತಿದ್ರಂತೆ," ಅಂದಳು.

ಲೋಟ ರೈಗಳ ತುಟಿಯ ಹತ್ತಿರವೇ ನಿಂತಿತು. ಅದು ಅಮ್ಮನಿಗೆ ಗೊತ್ತಿರಲಿಲ್ಲ, ಮನೆಯಲ್ಲಿದ್ದ ಸೋದರಮಾವನಿಗೂ ಗೊತ್ತಿರಲಿಲ್ಲ. ಯಾರೂ ಏಳುವ ಮೊದಲು ಬಂದು, ಒದ್ದೆ ಕಂಬಳಿಯನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ಒಗೆದು, ಬೆಕ್ಕಿನ ಮೇಲೆ ತಪ್ಪು ಹಾಕುತ್ತಿದ್ದವರು ದೊಡ್ಡಮ್ಮ ಒಬ್ಬರೇ. ನೀರು ಕುಡಿದ ಕಂಬಳಿ ಎಷ್ಟು ಭಾರ, ಅದನ್ನು ಹಿಂಡುವಾಗ ಆ ಭುಜ, ಆ ಸೊಂಟ ಎಷ್ಟು ನೊಂದಿರಬೇಕು ಎಂದು ಈ ಐವತ್ತರ ವಯಸ್ಸಿನವರೆಗೆ ರೈಗಳು ಒಮ್ಮೆಯೂ ಆಲೋಚಿಸಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಕಣ್ಣು ತುಂಬಿಬಂತು.

"ಮತ್ತೆ... ಎಂತ ಹೇಳಿದ್ರು?" ಎಂದು ಮೆಲ್ಲಗೆ ಕೇಳಿದರು.

"ಇವತ್ತಿಗೆ ಅಷ್ಟೇ," ಅಂದಳು ಪಂಕಜಾಕ್ಷಿ, ಆರಿಹೋದ ಕಾಫಿಯ ಲೋಟಕ್ಕೆ ಕೈ ಚಾಚುತ್ತ. "ಇನ್ನೂ ಬೇಕಾದಷ್ಟು ಉಂಟಂತೆ. ದಿನಕ್ಕೊಂದು ಹೇಳ್ತಾರಂತೆ."