ಮಾವನ ಮಡಿ ಗುಡ್ಡ ಹತ್ತಿದ್ದು

ನಮ್ಮ ಸೋದರಮಾವನನ್ನು ಮುಟ್ಟುವುದಕ್ಕಿಂತ ನಿಜಾಮರ ಖಜಾನೆಯನ್ನು ಮುಟ್ಟುವುದು ಸುಲಭವಾಗಿತ್ತು! ಖಜಾನೆಗೆ ಒಂದೇ ಪಹರೆ. ಮಾವನಿಗೆ ಬೆಳಗಿನ ಮಡಿ, ಮಧ್ಯಾಹ್ನದ ಮಡಿ, ಸಂಜೆಯ ಮಡಿ ಎಂದು ಮೂರು. "ಮುಟ್ಟಬ್ಯಾಡ್ರಿ! ಮಡ್ಯಾಗ ಅದೀನಿ!" ಎಂದು ಅವರು ಕೂಗಿದರೆ ಸಾಕು, ಮಕ್ತಲ್‌ನ ನಮ್ಮ ಓಣಿಯ ಹುಡುಗರೆಲ್ಲ ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತಿದ್ದೆವು. ಎಮ್ಮೆಗಳೂ ಹಾರುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ಅವರ ಮನೆಯಲ್ಲೇ ಬೆಳೆದ ನಾನು ನಡೆಯಲು ಕಲಿತದ್ದೇ ಹಿಮ್ಮುಖವಾಗಿ ಎಂದು ಅತ್ತೆ ನಗುತ್ತಿದ್ದರು.

ಇಂಥ ಮಹಾನುಭಾವರು ಹೊಟ್ಟೆಪಾಡಿಗೆ ಸೇರಿದ್ದೆಲ್ಲಿ? ತಹಸೀಲು ಕಛೇರಿಯಲ್ಲಿ, ಉರ್ದು ಬರೆಯಲು! ಮೇಲೆ ಶೇರವಾನಿ, ಒಳಗೆ ಜನಿವಾರ. ತಲೆಯ ಮೇಲೆ ರೂಮಿ ಟೊಪ್ಪಿಗೆ, ಅದರೊಳಗೆ ಜುಟ್ಟು. ಎದುರು ಮೇಜಿನಲ್ಲಿ ಒಬ್ಬ ಮುನ್ಷಿ ಸಾಹೇಬರು. ಇಬ್ಬರ ನಡುವೆ ಒಂದು ಮುಕ್ಕಾಲಿ. ಮುನ್ಷಿಯವರು ಕಾಗದವನ್ನು ಅದರ ಮೇಲಿಡಬೇಕು, ಮಾವ ಅದಕ್ಕೆ ತುಳಸಿ ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ಒಂದು ದಿನ ತಹಸೀಲ್ದಾರರು ಕಣ್ಣು ಕೆಂಪಗೆ ಮಾಡಿದರು.

"ಈ ಮಸಿ ಯಾಕ ಹರಡೈತಿ?"

"ಮಳಿ ಬಂದಿತ್ತು, ಹುಜೂರ್."

"ಬ್ಯಾಸಗ್ಯಾಗ ಮಳಿ?"

ಮುನ್ಷಿಯವರು ಎದ್ದು ನಿಂತು ಸಾಕ್ಷಿ ನುಡಿದರು: "ಖರೇ ಐತ್ರಿ ಹುಜೂರ್. ಆಚಾರ್ರ ಮೇಜಿನ ಮ್ಯಾಲೆ ಅಷ್ಟೇ ಬೀಳ್ತೈತಿ!"

ಹೀಗೆ ಇಪ್ಪತ್ತು ವರ್ಷ ಎದುರುಬದುರು ಕೂತರೂ ಅವರ ಕೈಗೆ ಇವರ ಕೈ ತಾಗಿದ್ದಿಲ್ಲ. "ಆಚಾರ್ರೆ, ನಾ ಸತ್ರ ಒಂದು ಹಿಡಿ ಮಣ್ಣಾದ್ರೂ ಹಾಕ್ತೀರೇನ್ರಿ?" ಎಂದು ಮುನ್ಷಿಯವರು ಛೇಡಿಸುತ್ತಿದ್ದರು. "ಹಾಕ್ತೀನ್ರಿ. ಆಮ್ಯಾಲೆ ಸ್ನಾನ ಮಾಡ್ತೀನಿ," ಎಂದು ಮಾವ ಗಂಭೀರವಾಗಿ ಹೇಳುತ್ತಿದ್ದರು. ಇಬ್ಬರೂ ನಗುತ್ತಿದ್ದರು.

ಆಮೇಲೆ ಪೊಲೀಸ್ ಆಕ್ಷನ್ ಆಗಿ ಭಾರತದ ಸೈನ್ಯ ಬಂತು. ಐದು ದಿನದಲ್ಲಿ ರಾಜ್ಯವೇ ಬದಲು! ಮಾವನ ರೂಮಿ ಟೊಪ್ಪಿಗೆ ಹಿತ್ತಲಿನ ಬೆದರುಬೊಂಬೆಯ ತಲೆಗೇರಿತು. ಗುಬ್ಬಿಗಳೂ ಅದಕ್ಕೆ ಹೆದರಲಿಲ್ಲ. ನಿಜಾಮರ ಹುಕುಮತ್ತು ಹೋದ ಸುದ್ದಿ ಅವಕ್ಕೂ ಮುಟ್ಟಿತ್ತು. ನಿನ್ನೆಯವರೆಗೆ ಮುನ್ಷಿಯವರಿಗೆ ನೆಲ ಮುಟ್ಟುವಂತೆ ಸಲಾಮು ಹೊಡೆದವರು ಇಂದು ದೊಣ್ಣೆ ಹಿಡಿದು ಅವರನ್ನೇ ಹುಡುಕತೊಡಗಿದರು. ಅವರ ಮನೆಗೆ ಬೀಗ. ಒಂಟಿ ಜೀವ, ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. "ಸಿಕ್ರ ಬಿಡಾಂಗಿಲ್ಲ," ಎಂದು ಕಿರಾಣಿ ಅಂಗಡಿಯವರ ಮಗನಾದ ನನ್ನ ಗೆಳೆಯ ಹಲ್ಲು ಕಡಿಯುತ್ತಿದ್ದ. ಗಲಭೆಯ ದಿನಗಳಲ್ಲಿ ನಿಜಾಮರ ಕಡೆಯ ಯಾವುದೋ ದಂಡು ಬಂದು ಅವನ ಮನೆಯ ಅಂಗಡಿ ಸುಟ್ಟಿತ್ತು. ಮುನ್ಷಿಯವರು ಕಡ್ಡಿ ಗೀರಿದವರಲ್ಲ. ಆದರೆ ಸಿಟ್ಟಿಗೆ ಒಂದು ವಿಳಾಸ ಬೇಕಲ್ಲ!

ಆಗಲೇ ಮಾವನಿಗೆ ಹೊಸ ಹುಚ್ಚು ಹಿಡಿದದ್ದು. ಬಾವಿಯ ನೀರು ಮೈಲಿಗೆಯಂತೆ, ಗುಡ್ಡದ ನೆತ್ತಿಯ ಕೆರೆಯ ನೀರೇ ಶ್ರೇಷ್ಠವಂತೆ! ದಿನಾ ನಸುಕಿನಲ್ಲಿ ಬುತ್ತಿ ಕಟ್ಟಿಸಿಕೊಂಡು ಹೋಗುವರು, ಒದ್ದೆ ಪಂಚೆಯಲ್ಲಿ ಮರಳುವರು. ನೌಕರಿ ಹೋಗುವ ಚಿಂತೆಗೆ ತಲೆ ಕೆಟ್ಟಿದೆ ಎಂದು ಊರು ನಕ್ಕಿತು.

ಅದೇ ಕೆರೆಗೆ ಹೋಗಿ ಬಾವುಟ ಏರಿಸಬೇಕೆಂದು ನಾವು ಮೂವರು ಗೆಳೆಯರು ಹೊರಟೆವು. ನಾನು, ಕಿರಾಣಿ ಗೆಳೆಯ, ಮತ್ತು ಬಾವುಟವನ್ನು ತಾನೇ ನೇಯ್ದು ತಂದ ನಾರಾಯಣಪೇಟೆಯಿಂದ ಬಂದು ನಮ್ಮ ಓಣಿಯಲ್ಲೇ ಬೆಳೆದ ನೇಕಾರ ಗೆಳೆಯ. ಸುದ್ದಿ ಕೇಳಿ ಮಾವನ ಮುಖ ಬಿಳಿಚಿತು.

"ಬ್ಯಾಡ್ರೋ, ಅಲ್ಲಿ ಮೊಸಳಿ ಐತಿ!"

"ಗುಡ್ಡದ ಮ್ಯಾಲೆ ಮೊಸಳಿ ಹೆಂಗ ಬಂತು, ಮಾವ?"

"ಕೃಷ್ಣಾದಿಂದ ನಡ್ಕೊಂತ ಬಂದೈತಿ!"

ನಾವು ಕೇಳಲಿಲ್ಲ. ಮಾವ ಬುತ್ತಿಯೊಂದಿಗೆ ಬೆನ್ನು ಹತ್ತಿದರು. ಬುತ್ತಿ ಹೊರಲು ಕೈ ಚಾಚಿದರೆ "ಮುಟ್ಟಬ್ಯಾಡ್ರಿ!" ಹತ್ತು ಹೆಜ್ಜೆಗೊಮ್ಮೆ ಮೊಣಕಾಲು ಹಿಡಿದು ಕೂಡುವರು. ನೆತ್ತಿ ಹತ್ತಿರವಾದಂತೆ ನಾವು ಮುಟ್ಟದಿದ್ದರೂ "ಮುಟ್ಟಬ್ಯಾಡ್ರಿ! ಮಂದಿ ಬಂದಾರ, ಮುಟ್ಟಬ್ಯಾಡ್ರಿ!" ಎಂದು ಗಂಟಲು ಹರಿಯುವಂತೆ ಬಂಡೆಗಳಿಗೆ ಕೂಗಿದರು. ನಾವು ಹೊಟ್ಟೆ ಹಿಡಿದು ನಕ್ಕೆವು.

ಮೇಲೆ ಹೋಗಿ ನೋಡಿದರೆ, ಸುತ್ತ ಬಂಡೆಗಳು, ನಡುವೆ ದೊಡ್ಡ ಬಟ್ಟಲಿನಲ್ಲಿ ತುಂಬಿಟ್ಟಂತೆ ಕಪ್ಪು ನೀರು. ದಂಡೆಯಲ್ಲಿ ಒಬ್ಬ ಮುದುಕ ಜ್ವರದಲ್ಲಿ ನಡುಗುತ್ತ ಬಂಡೆಯ ಸಂದಿಗೆ ತೆವಳಲು ಒದ್ದಾಡುತ್ತಿದ್ದ. ಮುನ್ಷಿ ಸಾಹೇಬರು!

ಕಿರಾಣಿ ಗೆಳೆಯ ಬಾವುಟದ ಕೋಲನ್ನು ಎತ್ತಿಯೇ ಬಿಟ್ಟ. ಮೊಣಕಾಲು ನೋವಿನ ಮಾವ ಅಷ್ಟು ಜೋರಾಗಿ ಓಡಿದ್ದನ್ನು ನಾನು ಹಿಂದೆ ಕಂಡಿಲ್ಲ, ಮುಂದೆಯೂ ಕಾಣಲಿಲ್ಲ. ಓಡಿ ಹೋಗಿ ಮುನ್ಷಿಯವರನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡು ಅರಚಿದರು:

"ಮುಟ್ಟಬ್ಯಾಡ್ರಿ! ಮಡ್ಯಾಗ ಅದೀನಿ!"

ನಾವು ಮೂವರೂ ಎರಡು ಹೆಜ್ಜೆ ಹಿಂದಕ್ಕೆ ಹಾರಿದೆವು! ಹುಟ್ಟಿದಾಗಿನಿಂದ ಕಲಿತ ಪಾಠ, ಕಾಲು ಮರೆಯುತ್ತದೆಯೇ? ಗೆಳೆಯನ ಕೋಲು ಗಾಳಿಯಲ್ಲೇ ನಿಂತಿತು.

"ನಿಮ್ಮ ಅಂಗಡಿ ಸುಟ್ಟವ್ರು ಇವ್ರಲ್ಲೋ, ತಮ್ಮಾ," ಎಂದರು ಮಾವ. "ಇವ್ರು ಇಪ್ಪತ್ತು ವರ್ಷ ನನ್ನ ಮಳಿ ಸುಳ್ಳು ಕಾಯ್ದವ್ರು."

ಗೆಳೆಯ ಕೋಲು ಇಳಿಸಿ, ನಮಗೆ ಬೆನ್ನು ಹಾಕಿ ಕೂತ. ಅತ್ತನೋ ಏನೋ, ನಾವು ನೋಡಲಿಲ್ಲ. ಮಾವ ಬುತ್ತಿ ಬಿಚ್ಚಿ ಮೊಸರನ್ನವನ್ನು ತುತ್ತು ತುತ್ತಾಗಿ ಮುನ್ಷಿಯವರ ಬಾಯಿಗಿಟ್ಟರು.

"ಇಷ್ಟ್ ದಿನ ಕಲ್ಲಿನ ಮ್ಯಾಲೆ ಇಟ್ಟು ದೂರ ನಿಂದರ್ತಿದ್ರಿ. ಇವತ್ತು ಮುಟ್ಟೇ ಬಿಟ್ರಲ್ರೀ ಆಚಾರ್ರೆ!" ಮುನ್ಷಿಯವರು ಆ ಜ್ವರದಲ್ಲೂ ನಕ್ಕರು. "ಹೋಗ್ರಿ, ಸ್ನಾನ ಮಾಡ್ರಿ. ನೀರು ಎದುರಿಗೇ ಐತಿ."

ಮಾವ ತಮ್ಮ ಪಂಚೆಯ ಚುಂಗಿನಿಂದ ಅವರ ಬಾಯಿ ಒರೆಸಿದರು.

ಮನೆಗೆ ಬಂದಾಗ ಅತ್ತೆ ಎಂದಿನಂತೆ ಬಾಗಿಲಲ್ಲಿ ತಡೆದರು. "ಗುಡ್ಡದಾಗ ಸ್ನಾನ ಆತೇನ್ರಿ?"

"ಆತು."

ಅತ್ತೆ ನೀರೇ ತಾಗದ ಪಂಚೆಯನ್ನು ನೋಡಿದರು. ಅದರ ಚುಂಗಿಗೆ ಅಂಟಿದ್ದ ಅನ್ನದ ಅಗುಳನ್ನು ನೋಡಿದರು. ಒಳಗೆ ಹೋಗಿ ಎಲೆ ಹಾಕಿದರು.

ಮರುದಿನ ನಸುಕಿನಲ್ಲಿ ಬುತ್ತಿಯ ಪಕ್ಕದಲ್ಲಿ ಒಂದು ಕಂಬಳಿಯೂ ಇತ್ತು. "ಗುಡ್ಡದ ಮ್ಯಾಲೆ ಥಂಡಿ ಇರ್ತೈತಿ, ಅವ್ರಿಗೆ ಕೊಡ್ರಿ," ಎಂದರು ಅತ್ತೆ. ಯಾರಿಗೆ ಎಂದು ಮಾವ ಕೇಳಲಿಲ್ಲ. ಬುತ್ತಿ ಹೊರಲು ಕಿರಾಣಿ ಗೆಳೆಯ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ.